ಮಗ್ಗದ ರೇಲಾ

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಗಾದೆ ಇದೆಯಲ್ಲ, ಆ ದಾಸ ನಾನೇ. ಮೂವತ್ತು ವರ್ಷ ರೋಣದ ಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಿದೆ. ಈಗ ನಿವೃತ್ತಿಯಾದ ಮೇಲೂ ಹಾರ್ಮೋನಿಯಂ ಮುಂದೆ ಕೂತು ಲೆಹರಾ ಬಾರಿಸುತ್ತೇನೆ. ಒಬ್ಬರೇ ಕೂತು ತಬಲಾ ನುಡಿಸುವಾಗ ಅವರಿಗೆ ತಾಳದ ದಾರಿ ತಪ್ಪದಂತೆ ಪಕ್ಕದಲ್ಲಿ ಒಬ್ಬರು ಹದಿನಾರು ಮಾತ್ರೆಯ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿರಬೇಕು. ಅದಕ್ಕೇ ಲೆಹರಾ ಅನ್ನುತ್ತಾರೆ. ತಬಲಾದವರು ಎಲ್ಲಿ ಬೇಕಾದರೂ ಅಡ್ಡಾಡಿ ಬರಬಹುದು, ಲೆಹರಾದವರು ಮನೆ ಬಿಟ್ಟು ಕದಲುವಂತಿಲ್ಲ. ಚಪ್ಪಾಳೆ ಅವರಿಗೆ. ನಮ್ಮ ಹೆಸರು ಕರೆಯುವ ಹೊತ್ತಿಗೆ ಮೈಕು ಕೈಕೊಟ್ಟಿರುತ್ತದೆ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಊರೆಲ್ಲ ಹೇಳುತ್ತದೆ, ಖರೇ. ಆದರೆ ಈಗಿನ ಸಿಟ್ಟು ನನ್ನ ಮೇಲೆ ನನಗೇ ಇರುವುದು.

ಸುವರ್ಣಾ ನನ್ನ ವಿದ್ಯಾರ್ಥಿನಿ. ನಮ್ಮ ಓಣಿಯ ಕಡಲೆ ವ್ಯಾಪಾರಿ ಕಳಕಪ್ಪನವರ ಮಗಳು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಬೆಂಚು ಬಡಿಯುತ್ತಾಳೆ ಅಂತ ಅಂಗೈ ಮೇಲೆ ಪಟ್ಟಿಯಿಂದ ಎರಡು ಕೊಟ್ಟಿದ್ದೆ. ಕೊಟ್ಟ ಮೇಲೆ ತಿಳಿಯಿತು, ಹುಡುಗಿ ಬಡಿಯುತ್ತಿದ್ದದ್ದು ನಾನು ಹೇಳಿಸುತ್ತಿದ್ದ ಹದಿಮೂರರ ಮಗ್ಗಿಯ ಲಯಕ್ಕೆ ಒಂದಿಷ್ಟೂ ತಪ್ಪದೆ ಕೂಡಿತ್ತು. ಅದೇ ಭಾನುವಾರ ಅವಳನ್ನು ಬಸ್ಸು ಹತ್ತಿಸಿಕೊಂಡು ಗಜೇಂದ್ರಗಡದ ಉಸ್ಮಾನಸಾಬರ ಮನೆಗೆ ಕರೆದುಕೊಂಡು ಹೋದೆ. ಆಮೇಲೆ ಒಂಬತ್ತು ವರ್ಷ ನಮ್ಮ ಭಾನುವಾರಗಳೆಲ್ಲ ಆ ಬಸ್ಸಿನಲ್ಲೇ ಹೋದವು. ದಾರಿಯಲ್ಲಿ ಕಡಲೆ ಹೊಲ, ಗುಡ್ಡದ ಮೇಲೆ ಗಾಳಿಯಂತ್ರ, ನನ್ನ ತೊಡೆಯ ಮೇಲೆ ನರಗುಂದದ ತವರಿನಿಂದ ಬಂದ ಹಾರ್ಮೋನಿಯಂ, ಅವಳ ತೊಡೆಯ ಮೇಲೆ ತಬಲಾದ ಚೀಲ.

ಉಸ್ಮಾನಸಾಬರಿಗೆ ಎಪ್ಪತ್ತಾರು. ನೇಕಾರರ ಮನೆ ಅವರದು. ತಂದೆ ಮಗ್ಗದ ಕುಣಿಯಲ್ಲಿ ಕೂತರೆ ಮಗ ಬಾಜೂಕೆ ಡಬ್ಬಿ ಬಡಿಯುತ್ತಿದ್ದನಂತೆ. ದೊಡ್ಡವರಾದ ಮೇಲೆ ನಾಟಕ ಕಂಪನಿ, ಕೀರ್ತನೆ, ಇಟಗಿಯ ಭಜನೆ, ಎಲ್ಲ ಕಡೆ ತಬಲಾ ಬಾರಿಸಿದರು. ಐವತ್ತು ವರ್ಷ ಯಾರಾದರೂ ಹಾಡುವವರ ಬಾಜೂಕೆ ಕೂತವರೇ ಹೊರತು ಒಬ್ಬರೇ ಒಮ್ಮೆಯೂ ಕೂತವರಲ್ಲ. "ನಂದು ಹಿಂದ ಕುಂದ್ರೋ ಕೈ ರೀ ಬಾಯಾರ, ನಿಮ್ಮಂಗ," ಅಂತ ಸಾಲೆಯ ಟೀಚರಮ್ಮನಾದ ನನಗೆ ಹೇಳಿ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೆ ಅವರ ನಗೆಯಲ್ಲಿ ಉರಿ ಇರಲಿಲ್ಲ.

ಅವರು ಒಂದು ರೇಲಾ ಕಟ್ಟಿದ್ದರು. ರೇಲಾ ಅಂದರೆ ಬೋಲುಗಳು, ತಬಲಾದ ಪೆಟ್ಟಿನ ನುಡಿಗಳು, ನಿಲ್ಲದೆ ಹರಿದು ಬರುವ ಬಗೆ. ಇವರದು ಮಗ್ಗದ ಸಪ್ಪಳದ ಮೇಲೆ ಕಟ್ಟಿದ್ದು. ಮೊದಲು ಮುದುಕ ನೇಕಾರ ಸಾವಕಾಶ ಲಾಳಿ ಎಸೆದ ಹಾಗೆ ಶುರುವಾಗುತ್ತದೆ, ಬರಬರುತ್ತ ಕೈ ಏರುತ್ತದೆ, ಎಲ್ಲ ಜೋರಾಗಿ ನಡೆದಿರುವಾಗ ನಡುವೆ ಎಳೆ ಹರಿಯುತ್ತದೆ. ಒಂದೂವರೆ ಮಾತ್ರೆ ತಬಲಾ ಸುಮ್ಮನೆ. ನೇಕಾರ ಗಂಟು ಹಾಕುವಷ್ಟು ಹೊತ್ತು. ಆ ಹೊತ್ತಿನಲ್ಲಿ ನನ್ನ ಲೆಹರಾ ಒಂದೇ ಕೇಳಬೇಕು, ಅದರ ಷಡ್ಜದ ಮೇಲೆ ತಬಲಾ ಮತ್ತೆ ಬಂದು ಬೀಳಬೇಕು. ಹಾಗೆ ಬಿದ್ದಾಗ ಹರಿದ ಎಳೆ ಕೂಡಿತು ಅಂತ ಕೇಳುವವರ ಎದೆಗೆ ತಿಳಿಯುತ್ತದೆ. ಅದನ್ನು ಕಟ್ಟಲಿಕ್ಕೆ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು. ಸುವರ್ಣಾಳಿಗಿಂತ ಮೊದಲು ಅದನ್ನು ಹೊರುವ ಕೈ ಅವರಿಗೆ ಸಿಕ್ಕಿರಲಿಲ್ಲ.

ಹೋದ ವರ್ಷ ಗದಗಿನಲ್ಲಿ ಜಿಲ್ಲೆಯ ಹುಡುಗ ಹುಡುಗಿಯರಿಗೆ ತಬಲಾ ಸ್ಪರ್ಧೆ ಇದೆ, ಜನವರಿಯಲ್ಲಿ, ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂತ ಸುದ್ದಿ ಬಂತು. ಉಸ್ಮಾನಸಾಬರು ಕೂಡಲೇ ಹೇಳಿದರು:

"ಹತ್ತರಾಗ ನಾಕು ನಿಮಿಷ ಮಗ್ಗಕ್ಕ ಇಡೋಣು. ದೊಡ್ಡ ಸಭಾದಾಗ ಒಮ್ಮೆ ಅದನ್ನ ಕೇಳಬೇಕ್ರಿ ಬಾಯಾರ. ಕಿವಿ ಮುಚ್ಚೋದ್ರಾಗ ಒಮ್ಮೆ."

ಮುದುಕರು ಕಣ್ಣು ಮುಚ್ಚುವ ಮಾತನ್ನೇ ಹಾಗೆ ಆಡುತ್ತಿದ್ದಾರೆ ಅಂದುಕೊಂಡೆ.

ಅಭ್ಯಾಸ ಶುರುವಾಯಿತು. ಸುವರ್ಣಾ ಹಟದ ಹುಡುಗಿ. ಕಾಲೇಜು ಮುಗಿಸಿ ಬಂದು ಅಪ್ಪನ ಅಂಗಡಿಯ ಹಿಂದಿನ ಖೋಲಿಯಲ್ಲಿ ಕಡಲೆ ಚೀಲಗಳ ನಡುವೆ ಮೂರು ತಾಸು ಕೂರುತ್ತಿದ್ದಳು. ಬೆರಳ ತುದಿ ಒಡೆದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕಳಕಪ್ಪನವರಿಗೆ ತಬಲಾದ ಗಂಧವಿಲ್ಲ, ಆದರೆ ಮಗಳು ಬಾರಿಸುವಾಗ ಗಿರಾಕಿಗಳಿಗೆ "ಸಣ್ಣಗ ಮಾತಾಡ್ರಿ" ಅನ್ನುತ್ತಿದ್ದರು. ಪೇಟೆಯಲ್ಲಿ ವ್ಯಾಪಾರಿಯೊಬ್ಬ ಹಾಗೆ ಅನ್ನುವುದು ಸಣ್ಣ ಮಾತಲ್ಲ.

ನವೆಂಬರಿನ ಒಂದು ಭಾನುವಾರ. ಸುವರ್ಣಾ ಒಳಗೆ ಉಸ್ಮಾನಸಾಬರ ಸೊಸೆ ನಾಜಮೀನಳ ಜೊತೆ ಚಹಾ ಮಾಡುತ್ತಿದ್ದಳು. ಹೊರಗೆ ಉಸ್ಮಾನಸಾಬರು ತಾವೇ ರೇಲಾ ಬಾರಿಸಿ ನೋಡುತ್ತಿದ್ದರು, ನಾನು ಲೆಹರಾ ಹಿಡಿದಿದ್ದೆ. ನಡುವೆ ನನ್ನ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯ ಬಟ್ಟೆ ಕಿತ್ತು ಗಾಳಿಯೆಲ್ಲ ಹೊರಗೆ ಹೋಯಿತು. ಒಂದು ಸ್ವರವೂ ಇಲ್ಲ. ರೂಢಿಯ ಮೇಲೆ ಬೆರಳು ಮಾತ್ರ ಓಡುತ್ತಿದ್ದವು. ಉಸ್ಮಾನಸಾಬರು ನನ್ನ ಬೆರಳುಗಳನ್ನೇ ನೋಡುತ್ತ ಎಳೆ ಹರಿದರು, ಒಂದೂವರೆ ಮಾತ್ರೆ ಸುಮ್ಮನಿದ್ದರು, ಮತ್ತೆ ಸರಿಯಾಗಿ ಬಂದು ಬಿದ್ದರು. ಆಮೇಲೆ ಮುಖ ಅರಳಿಸಿ ಅಂದರು:

"ಹಾಂ, ಈಗ ಹತ್ತಿತು ನೋಡ್ರಿ ಸುರಕ್ಕ ಸುರ!"

ಆ ಖೋಲಿಯಲ್ಲಿ ಸುರವೇ ಇರಲಿಲ್ಲ. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಪೆಟ್ಟಿಗೆಯ ಹಿಂದೆ ಕೈ ಹಾಕಿ ಜೋತುಬಿದ್ದ ಬಟ್ಟೆ ಮುಟ್ಟಿ ನೋಡಿದರು. ಒಳಗಿನ ಬಾಗಿಲ ಕಡೆ ಒಮ್ಮೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದರು.

"ಎರಡು ವರ್ಷಾತ್ರಿ. ದಪ್ಪ ಸಪ್ಪಳ ಇನ್ನೂ ಬರತಾವ. ಎಡಗೈ ಡಗ್ಗಾ ಕೇಳಸ್ತೈತಿ, ಮಂದಿ ಸಮೀಪ ಮಾತಾಡಿದ್ರ ತಿಳೀತೈತಿ. ಸಣ್ಣವೆಲ್ಲ ಹೋದವು. ಬಲಗೈ ತಬಲಾದ ನಾದ, ನಿಮ್ಮ ಪೆಟಗಿ, ಗುಬ್ಬಿ. ದವಾಖಾನ್ಯಾಗ ಮಶೀನ ಕೊಟ್ರು, ಹಾಕ್ಕೊಂಡ್ರ ತಬಲಾ ತಗಡು ಬಡದಂಗ ಆಗ್ತೈತಿ. ತಗದು ಇಟ್ಟೀನಿ."

"ಹುಡುಗೀಗೆ ಹೇಳ್ರಿ," ಅಂದೆ.

"ಬ್ಯಾಡ್ರಿ. ಗದಗ ಮುಗಿಯೋತನಕ ಬ್ಯಾಡ. ಕಿವುಡ ಮುದುಕ ಕಲಿಸಿದ್ದು ಅಂತ ಗೊತ್ತಾದ್ರ ನಾ ಹೇಳಿದ ಒಂದೊಂದು ಬೋಲಿಗೂ ಆಕೀಗೆ ಸಂಶೆ ಬರ್ತೈತಿ. ಕೈ ನಡಗ್ತೈತಿ. ನಿಮ್ಮ ಕೈ ಮುಗೀತೀನಿ, ಮಾತು ಕೊಡ್ರಿ."

ಎಪ್ಪತ್ತಾರರ ಮನುಷ್ಯ ಕೈ ಮುಗಿದರೆ ಏನು ಮಾಡುವುದು? ಕೊಟ್ಟೆ. ಸುವರ್ಣಾ ಚಹಾ ತಂದಳು. ಪೆಟ್ಟಿಗೆ ಕೆಟ್ಟಿದೆ, ಇವತ್ತಿಗೆ ಸಾಕು ಅಂದೆ.

ನಿಮಗೆ ಅನ್ನಿಸಬಹುದು, ಇಷ್ಟು ದಿನ ಯಾಕೆ ಯಾರಿಗೂ ತಿಳಿದಿರಲಿಲ್ಲ ಅಂತ. ತಬಲಾದ ಅಂಚಿಗೆ ಸುತ್ತಲೂ ಹತೋಡಿಯಿಂದ, ಅಂದರೆ ಸಣ್ಣ ಸುತ್ತಿಗೆಯಿಂದ, ಮೆಲ್ಲಗೆ ಬಡಿದು ಅದರ ನಾದವನ್ನು ಹಾರ್ಮೋನಿಯಂ ಸ್ವರಕ್ಕೆ ಕೂಡಿಸಬೇಕು. ಆ ಕೆಲಸವನ್ನು ಸುವರ್ಣಾ ರೋಣದಲ್ಲೇ ಮಾಡಿಕೊಂಡು ಬರುತ್ತಿದ್ದಳು. ಉಳಿದದ್ದೆಲ್ಲ ಲಯದ ಲೆಕ್ಕ, ಬೆರಳಿನ ಲೆಕ್ಕ. ಅದಕ್ಕೆ ಅವರಿಗೆ ಕಣ್ಣು ಸಾಕಿತ್ತು.

ಆದರೆ ಸ್ಪರ್ಧೆಗೆ ಒಂದು ವಾರ ಇದ್ದಾಗ ಉಸ್ಮಾನಸಾಬರು ಸಂದೂಕಿನಿಂದ ಒಂದು ಹತೋಡಿ ತೆಗೆದರು. ಹಿತ್ತಾಳೆಯದು, ಹಿಡಿ ಸವೆದು ಬೆರಳಿನ ಗುರುತು ಬಿದ್ದಿತ್ತು. ಅವರ ಉಸ್ತಾದರದಂತೆ.

"ನಮ್ಮ ಮನೆತನದಾಗ ಪದ್ಧತಿ ಐತೆವ್ವಾ ಸುವರ್ಣಾ. ಶಿಷ್ಯ ಮೊದಲನೇ ಸಲ ಸಭಾದಾಗ ಒಬ್ಬನ ಕುಂತ್ರ, ತಬಲಾ ಉಸ್ತಾದನ ಕೂಡಿಸಿ ಕೊಡಬೇಕು. ಉಸ್ತಾದನ ಹತೋಡಿ ಮುಟ್ಟಿದ ಮ್ಯಾಲ, ಬಾರಿಸಿ ಏಳೋತನಕ ಶಿಷ್ಯ ತನ್ನ ಹತೋಡಿ ಮುಟ್ಟಿಸಂಗಿಲ್ಲ. ಮುಟ್ಟಿಸಿದ್ರ ನಿನ್ನ ವಿದ್ಯಾ ನನಗ ಬ್ಯಾಡ ಅಂದಂಗ."

"ಹೌದ್ರಿ ಅಜ್ಜಾರ," ಅಂತ ಅವಳು ಅವರ ಕಾಲು ಮುಟ್ಟಿದಳು.

ಅವರೇನು ತಮ್ಮ ಕಿವಿ ಮರೆತರೋ? ಮರೆತಿರಲಿಲ್ಲ. ಐವತ್ತು ವರ್ಷ ತಬಲಾ ಕೂಡಿಸಿದ ಕೈ, ಕಿವಿ ಇಲ್ಲದಿದ್ದರೂ ಬೆರಳಿಗೆ ಗೊತ್ತಾಗುತ್ತದೆ ಅಂತ ನಂಬಿದ್ದರು. ಆ ಪದ್ಧತಿಗಾಗಿಯೇ ಐವತ್ತು ವರ್ಷ ಕಾದಿದ್ದರು. ಅತ್ತ ದರಿ, ಇತ್ತ ಪುಲಿ. ನಾನು ಬುದ್ಧಿವಂತಳು ನೋಡಿ, ಒಂದು ಉಪಾಯ ಮಾಡಿದೆ. "ಸುವರ್ಣಾ, ಹೊರಡೋ ಮುಂಜಾನೆ ತಬಲಾ ಕೂದಲೆಳಿಯಷ್ಟೂ ತಪ್ಪದ್ಹಂಗ ಕೂಡಿಸಿ ತಗೊಂಡು ಬಾ. ಅಜ್ಜಾರಿಗೆ ಶ್ರಮ ಆಗಬಾರ್ದು," ಅಂದೆ. ಆಗಲೇ ಕೂಡಿದ್ದರೆ ಅವರು ಸುಮ್ಮನೆ ಎರಡು ಸಲ ಶಾಸ್ತ್ರಕ್ಕೆ ಮುಟ್ಟಿಸಿ ಬಿಡುತ್ತಾರೆ ಅಂತ ನನ್ನ ಲೆಕ್ಕ.

ಸ್ಪರ್ಧೆಯ ದಿನ ಉಸ್ಮಾನಸಾಬರು ಮೊದಲ ಬಸ್ಸಿಗೆ ರೋಣಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರು. ಕಳಕಪ್ಪನವರ ಗಾಡಿಯಲ್ಲಿ ನಾಲ್ಕೂ ಜನ ಗದಗಿಗೆ ಹೋದೆವು. ದಾರಿಯುದ್ದಕ್ಕೂ ಅವರು ಹತೋಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಸಭಾಗೃಹದ ಹಿಂದೆ ಒಂದು ಸಣ್ಣ ಖೋಲಿ. ಸುವರ್ಣಾ ತಬಲಾ ಬಿಚ್ಚಿಟ್ಟಳು. ನಾನು ಬೆರಳಿಂದ ಮುಟ್ಟಿ ನೋಡಿದೆ. ಗಾಡಿಯಲ್ಲಿ ಅಷ್ಟು ಅಲುಗಾಡಿ ಬಂದರೂ ಶ್ರುತಿ ಇಟ್ಟಲ್ಲೇ ಇತ್ತು. ದೇವರು ದೊಡ್ಡವನು ಅಂದುಕೊಂಡೆ.

"ಷಡ್ಜ ಹಿಡೀರಿ ಬಾಯಾರ," ಅಂದರು ಉಸ್ಮಾನಸಾಬರು.

ಹಿಡಿದೆ. ಅವರು ತಲೆ ಬಗ್ಗಿಸಿ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ಹತೋಡಿ ಬಿತ್ತು. ಬೇಡವಾಗಿದ್ದ ಪೆಟ್ಟು. ಅದಕ್ಕೆ ಹೊಂದಿಸಲಿಕ್ಕೆ ಎದುರು ಕಡೆ ಇನ್ನೊಂದು, ಅದರ ಬಾಜೂಕೆ ಇನ್ನೊಂದು. ಮಗುವಿಗೆ ಟೊಪ್ಪಿಗೆ ಹಾಕುವ ಹಾಗೆ ಎಷ್ಟು ಪ್ರೀತಿಯಿಂದ ಬಡಿಯುತ್ತಿದ್ದರು! ಐದು ನಿಮಿಷದಲ್ಲಿ ತಬಲಾ ನನ್ನ ಸ್ವರ ಬಿಟ್ಟು ಮೇಲೆ ಹೋಯಿತು. ಪೂರ್ತಿ ಒಂದು ಮನೆ, ಅಂದರೆ ನನ್ನ ಪೆಟ್ಟಿಗೆಯ ಒಂದು ಕೀ, ಮೇಲೆ ಹೋಗಿದ್ದರೆ ನಾನೂ ಒಂದು ಮನೆ ಸರಿದು ಕೂಡಿಕೊಳ್ಳುತ್ತಿದ್ದೆ. ಬಿಳಿ ಮನೆ ಬಿಟ್ಟಿತ್ತು, ಕಪ್ಪು ಮನೆ ಮುಟ್ಟಿರಲಿಲ್ಲ. ಹಾರ್ಮೋನಿಯಂನಲ್ಲಿ ಆ ಎರಡರ ನಡುವೆ ಸ್ವರವೇ ಇಲ್ಲ. ಅದೂ ಒತ್ತಿದೆ, ಇದೂ ಒತ್ತಿದೆ, ಎರಡೂ ಕೂಡಲಿಲ್ಲ.

"ಆತು," ಅಂತ ಅವರು ಹತೋಡಿಯನ್ನು ಕಣ್ಣಿಗೆ ಒತ್ತಿಕೊಂಡು ಗಂಟು ಕಟ್ಟಿದರು.

ಸುವರ್ಣಾ ನನ್ನ ಕಡೆ ಬಗ್ಗಿದಳು. "ಅಕ್ಕೋರ, ಒಂದೀಟು ಏರಿದಂಗ ಐತಲ್ರಿ? ಇಲ್ಲಾ ನನ್ನ ಕಿವಿಗೇ ಹಂಗ ಅನಸಾಕತ್ತೈತೇನು?"

ಹೇಳಬಹುದಾಗಿತ್ತು. ಅದೇ ಹೊತ್ತು. ಉಸ್ಮಾನಸಾಬರು ನನ್ನ ಮುಖವನ್ನೇ ನೋಡಿ ನಗುತ್ತಿದ್ದರು, ಸರಿಯಾಯಿತಲ್ಲ ಅಂತ ಕೇಳುವ ನಗೆ. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಬಾಯಿಂದಲೇ ನಾನು ಸುಳ್ಳು ಹೇಳಿದೆ.

"ಅಂಜೀದಿ, ಅದಕ್ಕ ಹಂಗ ಕೇಳಸ್ತದ. ಸ್ಟೇಜ ಮ್ಯಾಲೆ ಹೋದ್ರ ಕೂಡತದ, ನಡಿ."

ಅವಳು ನಂಬಿದಳು. ತನ್ನ ಕಿವಿ ಬಿಟ್ಟು ನನ್ನ ಮಾತು ನಂಬಿದಳು.

ಸ್ಟೇಜಿನ ಮೇಲೆ ಕೂತು ಒಮ್ಮೆ ತಬಲಾ ಮುಟ್ಟಿ, ಒಮ್ಮೆ ನನ್ನ ಸ್ವರ ಕೇಳಿ, ಚೀಲದೊಳಗೆ ಕೈ ಹಾಕಿ ತನ್ನ ಹತೋಡಿ ಹಿಡಿದಳು. ಮೊದಲ ಸಾಲಿನಲ್ಲಿ ಅಪ್ಪನ ಬಾಜೂಕೆ ಉಸ್ಮಾನಸಾಬರು ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದರು. ಅವರನ್ನು ನೋಡಿದಳು. ಹತೋಡಿ ಚೀಲದೊಳಗೇ ಬಿಟ್ಟಳು.

ಶುರುವಾಯಿತು. ತಬಲಾ ಒಂದು ಕಡೆ, ಲೆಹರಾ ಒಂದು ಕಡೆ. ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕ ಹಾಗೆ ಪ್ರತಿ ಪೆಟ್ಟಿಗೂ ಕರಕರ. ನನ್ನಿಂದ ಆಗುವುದು ಒಂದೇ ಇತ್ತು, ತಿದಿ ಸಾವಕಾಶ ಒತ್ತಿ ಲೆಹರಾವನ್ನು ಕೇಳಿಯೂ ಕೇಳದಷ್ಟು ಸಣ್ಣ ಮಾಡಿದೆ. ಅವಳಿಗೆ ಮಾತ್ರ ದಾರಿ ಕಂಡರೆ ಸಾಕು, ಮಂದಿಗೆ ಜಗಳ ಕೇಳದಿರಲಿ ಅಂತ. ಮೂರು ನಿಮಿಷ ಹಾಗೆ ಹೋಯಿತು. ಆಗ ತೀರ್ಪು ಕೊಡುವವರ ಮೇಜಿನಿಂದ ಮೈಕಿನಲ್ಲಿ ಬಂತು:

"ಹಾರ್ಮೋನಿಯಂ ಕೇಳಸವಲ್ದು, ಜೋರ ಬಾರಸ್ರಿ."

ಜೋರಾಗಿ ಬಾರಿಸಿದೆ. ಇನ್ನೇನು ಮಾಡಲಿ?

ಮಗ್ಗದ ರೇಲಾಕ್ಕೆ ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು. ತಬಲಾದವರಲ್ಲಿ ಗುರುವಿನ ರಚನೆ ಬಾರಿಸುವ ಮುಂಚೆ ತಮ್ಮ ಕಿವಿ ಮುಟ್ಟಿಕೊಂಡು ಗುರುವಿನ ಹೆಸರು ಹೇಳುವ ರೂಢಿ ಇದೆ. ಕಿವಿ ಮುಟ್ಟಿಕೊಂಡು ಹೇಳಿದಳು: "ಇದು ನಮ್ಮ ಉಸ್ತಾದರು, ಗಜೇಂದ್ರಗಡದ ಉಸ್ಮಾನಸಾಬರು ಕಟ್ಟಿದ ಮಗ್ಗದ ರೇಲಾ." ಅವಳ ಕೈ ಕಿವಿಗೆ ಹೋದದ್ದನ್ನು ನೋಡಿ ಕೆಳಗೆ ಉಸ್ಮಾನಸಾಬರು ತಲೆ ಬಾಗಿಸಿದರು.

ಲಯದಲ್ಲಿ ಒಂದೂ ತಪ್ಪಿಲ್ಲ. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಬಾರಿಸಿರಲಿಲ್ಲ. ಎಳೆ ಹರಿಯಿತು. ಒಂದೂವರೆ ಮಾತ್ರೆ ಇಡೀ ಸಭೆಯಲ್ಲಿ ನನ್ನ ಷಡ್ಜ ಒಂದೇ. ಅದರ ಮೇಲೆ ತಬಲಾ ಬಂದು ಬಿತ್ತು, ಬಿದ್ದು ಆ ಸ್ವರವನ್ನೇ ಸೀಳಿತು. ಮುಂದಿನ ಸಾಲಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಉಸ್ಮಾನಸಾಬರು ಮಾತ್ರ ಕಣ್ಣೊರೆಸಿಕೊಳ್ಳುತ್ತ ತೊಡೆ ತಟ್ಟುತ್ತಿದ್ದರು.

ಮೂರು ಬಹುಮಾನದಲ್ಲಿ ಅವಳ ಹೆಸರಿರಲಿಲ್ಲ. ಹೊರಗೆ ಬರುವಾಗ ತೀರ್ಪುಗಾರರೊಬ್ಬರು ಅವಳನ್ನು ನಿಲ್ಲಿಸಿದರು. "ಕೈ ಭಾಳ ಚಲೋ ಅದ ತಂಗಿ. ಆದ್ರ ವಾದ್ಯ ಶ್ರುತಿ ಮಾಡೋದು ಮೊದಲನೇ ಪಾಠ. ಅದನ್ನ ನಿಮ್ಮ ಗುರುಗಳು ಕಲಿಸಿಲ್ಲೇನು?"

ಗುರುಗಳು ಅವಳ ಬಾಜೂಕೇ ನಿಂತಿದ್ದರು. ಗದ್ದಲದಲ್ಲಿ ಒಂದೂ ತಿಳಿಯದೆ ಅವಳ ತೋಳು ಮುಟ್ಟಿ ಕೇಳಿದರು, "ಏನಂದ್ರವ್ವಾ?"

ಸುವರ್ಣಾ ಅವರ ಕಿವಿಗೆ ಬಾಯಿಟ್ಟು ಜೋರಾಗಿ ಹೇಳಿದಳು: "ಮಗ್ಗದ ರೇಲಾ ಭಾಳ ಚಲೋ ಆತು ಅಂದ್ರ್ರಿ ಅಜ್ಜಾರ!"

ರೋಣದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಗಜೇಂದ್ರಗಡದ ಬಸ್ಸಿಗೆ ಹತ್ತಿಸಿದೆವು. ಬಹುಮಾನ ಬರದಿದ್ದರೂ ಅವರ ಮುಖದಲ್ಲಿ ಬೆಳಕಿತ್ತು. ಬಸ್ಸು ಹೋದ ಮೇಲೆ ಕಳಕಪ್ಪನವರು ಗಾಡಿ ತಿರುಗಿಸಲಿಕ್ಕೆ ಹೋದರು. ಸುವರ್ಣಾ ಕೇಳಿದಳು.

"ಅಜ್ಜಾರಿಗೆ ಕೇಳಸಂಗಿಲ್ಲ, ಹೌದಲ್ರಿ?"

"ಯಾವಾಗ ಗೊತ್ತಾತು?"

"ಎಳಿ ಹರದು ಕೂಡಿದಾಗ. ಅಷ್ಟು ಕೆಟ್ಟ ಕೇಳಸ್ತು, ಆದ್ರೂ ಅವರು ನಗಾಕತ್ತಿದ್ರು. ನಿಮಗ ಯಾವಾಗ ಗೊತ್ತಾತ್ರಿ?"

"ನವೆಂಬರದಾಗ. ಮಾತು ಕೊಟ್ಟಿದ್ದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ತಬಲಾದ ಚೀಲ ಹೆಗಲಿಗೆ ಏರಿಸಿಕೊಂಡು ಅಂದಳು, "ನನಗ ಹೇಳಿದ್ರ ಚೀಲದಾಗ ಇನ್ನೊಂದು ತಬಲಾ ಇಟಗೊಂಡು ಬರ್ತಿದ್ದೆ. ಅವರ ಮುಂದ ಅವರು ಕೂಡಿಸಿದ್ದು ಇಸಗೊಂಡು, ಸ್ಟೇಜ ಮ್ಯಾಲ ಬ್ಯಾರೇದು ಬಾರಸ್ತಿದ್ದೆ. ಅವರಿಗೂ ಗೊತ್ತಾಗ್ತಿದ್ದಿಲ್ಲ, ಅವರ ರೇಲಾನೂ ಕೆಡ್ತಿದ್ದಿಲ್ಲ."

ಅಷ್ಟೇ ಇತ್ತು. ಎರಡನೇ ತಬಲಾ. ಹದಿನೆಂಟರ ಹುಡುಗಿಗೆ ಹೊಳೆದದ್ದು ಅರವತ್ತೆರಡರ ನನಗೆ ಹೊಳೆಯಲಿಲ್ಲ. ನಾನು ಕೊಟ್ಟ ಮಾತು ಕಾಯುವುದರಲ್ಲಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳಿಂದ ಎಷ್ಟು ಸಲ ಬರೆಸಿದ್ದೇನೆ. ಆಡದೆ ನುಂಗಿದ ಮಾತಿನಿಂದಲೂ ಮುತ್ತು ಒಡೆಯುತ್ತದೆ ಅಂತ ನನಗೆ ಯಾರೂ ಬರೆಸಿರಲಿಲ್ಲ.

ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಅವರಿಗೆ ತಿಳಿಯದಂತೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು. ಆದರೆ ಕಳಕಪ್ಪನವರಿಗೆ ನಾವು ಏನೂ ಹೇಳಿರಲಿಲ್ಲ. ವ್ಯಾಪಾರಿ ತೂಕದ ಚೀಟಿ ನೋಡದೆ ಸುಮ್ಮನಾಗುತ್ತಾನೆಯೇ? ಸ್ಪರ್ಧೆ ನಡೆಸಿದವರ ಬೆನ್ನು ಹತ್ತಿ ಮಗಳ ಅಂಕದ ಹಾಳೆ ತಂದಿದ್ದರು. ಮುಂದಿನ ಭಾನುವಾರ ತಾವೂ ಗಜೇಂದ್ರಗಡಕ್ಕೆ ಬಂದರು. "ಇದನ್ನ ನೋಡ್ರಿ ಉಸ್ತಾದರ, ಅನ್ಯಾಯ ಮಾಡ್ಯಾರ," ಅಂತ ನಾವು ತಡೆಯುವುದರೊಳಗೆ ಹಾಳೆಯನ್ನು ಅವರ ಕೈಗೆ ಇಟ್ಟರು.

ಉಸ್ಮಾನಸಾಬರ ಕಣ್ಣು ಗಟ್ಟಿ. ಚಷ್ಮಾ ಹಾಕಿಕೊಂಡು ಓದಿದರು. ಲಯಕ್ಕೆ ಹತ್ತಕ್ಕೆ ಹತ್ತು. ರಚನೆಗೆ ಹತ್ತಕ್ಕೆ ಹತ್ತು. ಶ್ರುತಿಯ ಮುಂದೆ ಸೊನ್ನೆ, ಅದರ ಬಾಜೂಕೆ ಕೈಯಿಂದ ಬರೆದಿದ್ದರು: ವಾದ್ಯ ಮೊದಲಿನಿಂದ ಕೊನೆಯವರೆಗೆ ಅಪಶ್ರುತಿ.

ಎರಡು ಸಲ ಓದಿದರು. ಸುವರ್ಣಾಳನ್ನು ನೋಡಿದರು, ಅವಳು ನೆಲ ನೋಡುತ್ತಿದ್ದಳು. ನನ್ನನ್ನು ನೋಡಿದರು. ಹಾಳೆ ಮಡಚಿ ಕಳಕಪ್ಪನವರಿಗೆ ಕೊಟ್ಟು, ಗ್ವಾಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ತಿರುಗಿ ಬರಲಿಲ್ಲ.

ಮೂರು ಭಾನುವಾರ ಹೋದೆವು. ಮೂರೂ ಸಲ ನಾಜಮೀನ ಬಾಗಿಲಿಗೆ ಬಂದು "ಅಬ್ಬಾ ಮಕ್ಕೊಂಡಾರ್ರೀ" ಅಂದಳು. ಮೂರನೇ ಸಲ ಹೇಳುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಳ್ಳಿ ಬರುವಾಗ ಬಸ್ಸಿನಲ್ಲಿ ಸುವರ್ಣಾಳ ತಬಲಾದ ಚೀಲದ ಮೇಲೆ ಬೆರಳೂ ಆಡುತ್ತಿರಲಿಲ್ಲ.

ನಾಲ್ಕನೇ ಭಾನುವಾರ ನಾವು ಹೊರಡುವ ಮೊದಲೇ ನನ್ನ ಮನೆ ಬಾಗಿಲು ಸಪ್ಪಳಾಯಿತು. ಉಸ್ಮಾನಸಾಬರು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೊಸ್ತಿಲಿಗೆ ಬಂದಿದ್ದರು. ಒಂದು ತಿಂಗಳಿನಲ್ಲಿ ಹತ್ತು ವರ್ಷ ಹೆಚ್ಚು ಮುದುಕರಾಗಿದ್ದರು.

"ಬರ್ರಿ, ಬರ್ರಿ ಒಳಗ," ಅಂದೆ. ನನ್ನ ತುಟಿ ನೋಡಿದರು. ಕಿವಿಯ ಹತ್ತಿರ ಕೈ ಅಲ್ಲಾಡಿಸಿ, ಇಲ್ಲ ಅಂತ ತೋರಿಸಿದರು.

"ಪೂರ್ತಿ ಮುಚ್ಚಿತ್ರಿ. ಡಗ್ಗಾನೂ ಹೋತು."

ಓಣಿಯ ಮಕ್ಕಳಿಗೆ ಬರೆಸಲು ಇಟ್ಟಿದ್ದ ಪಾಟಿ ಮೂಲೆಯಲ್ಲಿತ್ತು. ತಂದು ಬಳಪದ ಚೂರಿನಿಂದ ಬರೆದೆ: ತಪ್ಪು ನನ್ನದು. ಅವರು ಓದಿ ಅಂಗೈಯಿಂದ ಒರೆಸಿಬಿಟ್ಟರು.

"ನಿಮ್ಮದಲ್ಲ, ಮಾತು ಇಸಗೊಂಡಾಂವ ನಾನು. ಆದ್ರ ಬಾಯಾರ, ನಿಮಗ ಸಿಟ್ಟು ಭಾಳ ಅಂತ ಊರಾಗೆಲ್ಲ ಅಂತಾರ. ನನ್ನ ಮ್ಯಾಲ ಒಮ್ಮೆನೂ ಮಾಡಲಿಲ್ಲ. ಅವತ್ತ ಒಂದೀಟ ಸಿಟ್ಟು ಮಾಡಿ ನನ್ನ ಕೈಯಾಗಿನ ಹತೋಡಿ ಕಸಗೋಬೇಕಿತ್ರಿ."

ನನಗೆ ಅಳು ತಡೆಯಲಾಗಲಿಲ್ಲ. ಸಾಲೆಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ, ಕಂಡ ಕಂಡವರ ಮೇಲೆ ಹರಿಹಾಯ್ದ ಸಿಟ್ಟು. ಬೇಕಾದ ಒಂದು ಹೊತ್ತಿಗೆ ಅದು ನನ್ನ ಹತ್ತಿರ ಇರಲಿಲ್ಲ.

ಸುವರ್ಣಾಳನ್ನು ಕರೆಸಿದೆ. ತಬಲಾ ಹೊತ್ತು ಓಡುತ್ತಲೇ ಬಂದಳು. ಉಸ್ಮಾನಸಾಬರು ಗಂಟು ಬಿಚ್ಚಿ ಉಸ್ತಾದರ ಹತೋಡಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಕೂಡಸು. ನನ್ನ ಮುಂದ ಕೂಡಸು."

ಅವಳು ಹಿಂದೆ ಸರಿದಳು. ಅವರ ಹತೋಡಿ ಮುಟ್ಟಿದ ತಬಲಾಕ್ಕೆ, ಅವರ ಎದುರಿಗೆ. ಅವರು ಅವಳ ಕೈ ಹಿಡಿದು ಅಂಚಿನ ಮೇಲೆ ತಂದಿಟ್ಟರು. ನಾನು ಷಡ್ಜ ಹಿಡಿದೆ. ಅವಳು ಸುತ್ತಲೂ ಬಡಿಯುತ್ತ ಬಂದಳು, ಕಣ್ಣೀರು ಕೈಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಉಸ್ಮಾನಸಾಬರು ಹತೋಡಿಯನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದರು.

"ಕೂಡಿತೇನು?"

ಹೌದು ಅಂತ ತಲೆ ಹಾಕಿದಳು.

"ನೀ ಅಂದ್ಮ್ಯಾಲ ಕೂಡಿತು." ಆಮೇಲೆ ಚಾಪೆಯ ಮೇಲೆ ಸ್ವಲ್ಪ ಮುಂದೆ ಸರಿದು ಕೂತರು. "ಗದಗದಾಗ ನೀ ಕಿವಿ ಮುಟ್ಟಿದ್ದು ಕಂಡೆ. ಏನಂದಿ, ಅದು ನನಗ ಕೇಳಲಿಲ್ಲವ್ವಾ. ಇನ್ನೊಮ್ಮೆ ಅನ್ನು. ಬಾಯಿ ನೋಡ್ತೀನಿ."

ಸುವರ್ಣಾ ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ತಿರುಗಿ ಕೂತಳು. ಕಿವಿ ಮುಟ್ಟಿಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದಳು. ನಮ್ಮ. ಉಸ್ತಾದರು. ಗಜೇಂದ್ರಗಡದ. ಅವರ ತುಟಿಯೂ ಅವಳ ತುಟಿಯ ಜೊತೆ ಮೆಲ್ಲಗೆ ಅಲ್ಲಾಡುತ್ತಿತ್ತು, ಒಂದನೇ ಇಯತ್ತೆಯ ಮಗು ಓದುವ ಹಾಗೆ. ತಮ್ಮ ಹೆಸರಿಗೆ ಬಂದಾಗ ಅವರ ತುಟಿ ನಿಂತಿತು.

"ಬರೋಬ್ಬರಿ," ಅಂದರು. ನನ್ನ ಕಡೆ ನೋಡಿ, ಹಿಡೀರಿ ಅಂತ ಕೈ ಮಾಡಿದರು.

ಲೆಹರಾ ಹಿಡಿದೆ. ಅವಳು ಮಗ್ಗ ನಡೆಸಿದಳು. ಎಳೆ ಹರಿಯಿತು, ಒಂದೂವರೆ ಮಾತ್ರೆ ಸುಮ್ಮನಾಯಿತು, ನನ್ನ ಷಡ್ಜದ ಮೇಲೆ ತಬಲಾ ಕೂದಲೆಳೆಯಷ್ಟೂ ತಪ್ಪದೆ ಬಂದು ಕೂಡಿತು. ಆ ಮನೆಯಲ್ಲಿ ಅದನ್ನು ಕೇಳಿದವರು ನಾವಿಬ್ಬರೇ.